ವಾಸಂತಿ ಅಕ್ಕನ ಸಾಲ್ಮನ್ ರೀಲು

ವಾಸಂತಿ ಅಕ್ಕ ಮೀನು ತಿನ್ನುವುದಿಲ್ಲ. ಧಾರವಾಡದ ಮಾಳಮಡ್ಡಿಯಲ್ಲಿ ಹುಟ್ಟಿ ಬೆಳೆದವರು. ಬರ್ಮಿಂಗ್‌ಹ್ಯಾಮಿಗೆ ಬಂದು ಮೂವತ್ತು ವರ್ಷದ ಮೇಲಾಗಿದ್ದರೂ ಅವರ ಮನೆಯೊಳಗೆ ಮೊಟ್ಟೆಗೆ ಪ್ರವೇಶ ಸಿಗುವುದು ಕೇಕಿನಲ್ಲಿ ಅಡಗಿಕೊಂಡು ಬಂದರೆ ಮಾತ್ರ. ಅಂಥವರು ಕಳೆದ ಸೆಪ್ಟೆಂಬರಿನಲ್ಲಿ ಸಾಲ್ಮನ್ ಮೀನು ಹಿಡಿಯಲು ಇಂಗ್ಲೆಂಡಿನ ಉತ್ತರಕ್ಕೆ ಹೋಗಿದ್ದರು ಎಂದಾಗ ನಮ್ಮ ಕನ್ನಡ ಬಳಗದಲ್ಲಿ ಅರ್ಧ ಜನ ನಂಬಲಿಲ್ಲ. ಉಳಿದರ್ಧ ಜನ ನನ್ನನ್ನು ಕೇಳಿದರು. ನಾನು ಬರ್ಮಿಂಗ್‌ಹ್ಯಾಮಿನ ಹಾರ್ಬೋರ್ನ್‌ನಲ್ಲಿ ಅವರ ಹಿಂದಿನ ಬೀದಿಯವಳು. ಅವರು ಕೆಲಸ ಮಾಡುತ್ತಿದ್ದ ಆಸ್ಪತ್ರೆಯಲ್ಲೇ, ಫಾರ್ಮಸಿಯಲ್ಲಿ, ನನಗೂ ಕೆಲಸ. ಮೀನು ಹಿಡಿಯುವ ಕೋಲಿಗೆ ದಾರ ಸುತ್ತುವ ರೀಲು ಕೊಳ್ಳಲು ಅವರನ್ನು ಕಾರಿನಲ್ಲಿ ಕರೆದುಕೊಂಡು ಹೋದವಳೂ ನಾನೇ. ಆದ್ದರಿಂದ ಇದನ್ನು ಹೇಳುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

ಆಸ್ಪತ್ರೆಯ ಮೂಳೆ ವಿಭಾಗದಲ್ಲಿ ಅವರು ಮೆಡಿಕಲ್ ಸೆಕ್ರೆಟರಿ ಆಗಿದ್ದರು. ಕನ್ಸಲ್ಟೆಂಟ್ ಡಾಕ್ಟರುಗಳು ಕಾರಿಡಾರಿನಲ್ಲಿ ನಡೆಯುತ್ತ, ಸ್ಯಾಂಡ್‌ವಿಚ್ ಅಗಿಯುತ್ತ ರೆಕಾರ್ಡಿಂಗ್ ಯಂತ್ರಕ್ಕೆ ಒದರಿದ್ದನ್ನು ಕಿವಿಯಲ್ಲಿ ಕೇಳಿಸಿಕೊಂಡು, ಅದನ್ನು ರೋಗಿಯ ಜಿಪಿಗೆ, ಅಂದರೆ ಬಡಾವಣೆಯ ಸಾಮಾನ್ಯ ವೈದ್ಯರಿಗೆ, ಅರ್ಥವಾಗುವ ಪತ್ರವಾಗಿ ಟೈಪು ಮಾಡುವುದು ಅವರ ಕೆಲಸ. ಯಾರ ಮಂಡಿ, ಯಾರ ಸೊಂಟ, ಯಾರಿಗೆ ಮತ್ತೆ ಆಪರೇಷನ್ ಎಂಬುದೆಲ್ಲ ಅವರ ಬೆರಳ ಮೂಲಕವೇ ಹೋಗಬೇಕಾಗಿತ್ತು. ಎಂದೂ ಅವಸರ ಮಾಡಿದವರಲ್ಲ, ಎಂದೂ ತಡ ಮಾಡಿದವರೂ ಅಲ್ಲ. ಮಾತು ಕಡಿಮೆ. ನನ್ನ ಜೊತೆ ಮಾತಾಡುವಾಗ ನಮ್ಮ ಮೈಸೂರು ಕಡೆಯ ಕನ್ನಡಕ್ಕೆ ಹತ್ತಿರ ಬರುತ್ತಿದ್ದರು. ಗಂಡನ ಕಡೆ ತಿರುಗಿದ ಕೂಡಲೇ ಧಾರವಾಡದ ಮಾತು ತಾನಾಗಿ ಬಂದುಬಿಡುತ್ತಿತ್ತು.

ಗಂಡ ಡಾಕ್ಟರ್ ಪ್ರಭಾಕರ, ಜಿಪಿ ಆಗಿದ್ದವರು. ಅವರದು ಹೆಂಡತಿಗೆ ತದ್ವಿರುದ್ಧ ಸ್ವಭಾವ. ಏನಾದರೂ ತಲೆಗೆ ಹೊಕ್ಕರೆ ಅದರಲ್ಲಿ ಪೂರ್ತಿ ಮುಳುಗಬೇಕು. ನಿವೃತ್ತಿಯಾದ ವರ್ಷ ಮೊದಲು ಬ್ರೆಡ್ ಸುಡುವುದು ಬಂತು, ಆಮೇಲೆ ನಕ್ಷತ್ರ ನೋಡುವುದು, ಆಮೇಲೆ ಫ್ಲೈ ಫಿಶಿಂಗ್. ಗರಿ, ಉಣ್ಣೆ, ಮಿನುಗುದಾರ ಕಟ್ಟಿ ಮಾಡಿದ ಹುಸಿ ನೊಣವನ್ನು ಉದ್ದನೆಯ ಕೋಲಿನಿಂದ ನೀರಿನ ಮೇಲೆ ಎಸೆದು ಮೀನನ್ನು ಮರುಳು ಮಾಡುವ ಆಟ ಅದು. ಕೋಲು, ರೀಲು, ಬೂಟು, ಹದಿನಾರು ಜೇಬಿನ ಅಂಗಿ ಎಲ್ಲ ಬಂದವು. ಊರಾಚೆಯ ಒಂದು ಸಣ್ಣ ಕೆರೆಯಲ್ಲಿ ಟ್ರೌಟ್ ಮೀನು ಹಿಡಿಯಲು ಟಿಕೆಟ್ ಕೊಡುತ್ತಿದ್ದರು. ವಾಸಂತಿ ಅಕ್ಕ ಫ್ಲಾಸ್ಕಿನಲ್ಲಿ ಚಹಾ, ಡಬ್ಬಿಯಲ್ಲಿ ಅವಲಕ್ಕಿ ತೆಗೆದುಕೊಂಡು ಜೊತೆಗೆ ಹೋಗಿ ಮಡಚುವ ಕುರ್ಚಿಯಲ್ಲಿ ಕೂತು ಸ್ವೆಟರ್ ಹೆಣೆಯುತ್ತಿದ್ದರು.

ಡಾಕ್ಟರಿಗೆ ಮೂರನೆಯ ಸಲಕ್ಕೇ ಸೊಂಟ ಹಿಡಿದುಕೊಂಡಿತು. ಅವರು ಕುರ್ಚಿಗೆ ಬಂದು ಕೂತರು. ಟಿಕೆಟ್ ತೆಗೆದುಕೊಂಡಾಗಿದೆ, ಸುಮ್ಮನೆ ಯಾಕೆ ಹಾಳು ಮಾಡುವುದು ಎಂದು ವಾಸಂತಿ ಅಕ್ಕ ಕೋಲು ಕೈಗೆ ತೆಗೆದುಕೊಂಡರು. ಅದು ಆರು ವರ್ಷದ ಹಿಂದಿನ ಮಾತು. ಆ ಕೋಲು ಮತ್ತೆ ಡಾಕ್ಟರ ಕೈಗೆ ಹೋಗಲಿಲ್ಲ. ಅವರು ಸಂತೋಷವಾಗಿ ಜೇನು ಸಾಕುವುದರ ಬಗ್ಗೆ ಓದತೊಡಗಿದರು.

ಸಸ್ಯಾಹಾರಿಯಾಗಿ ಇದು ಹೇಗೆ ಎಂದು ನಾನೇ ಒಮ್ಮೆ ಕೇಳಿದ್ದೆ. ಆ ಕೆರೆಯಲ್ಲಿ ಹಿಡಿದದ್ದನ್ನು ವಾಪಸ್ ಬಿಡುವ ಟಿಕೆಟ್ಟೂ ಇತ್ತು, ಅವರು ಅದನ್ನೇ ಕೊಳ್ಳುತ್ತಿದ್ದರು. ಕೊಕ್ಕೆ ಮೀನಿನ ಬಾಯಿಯಿಂದ ಸಲೀಸಾಗಿ ಕಳಚಲೆಂದು ಅದರ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ನುಣುಪು ಮಾಡಿಯೇ ನೀರಿಗೆ ಹಾಕುತ್ತಿದ್ದರು. ಆದರೂ ಅದನ್ನು ದೊಡ್ಡ ಸಮರ್ಥನೆ ಎಂದು ಅವರು ಹೇಳಲಿಲ್ಲ.

"ಮೀನಿಗೆ ಏನೂ ಆಗಲ್ಲ ಅಂತ ನಾನು ಹೇಳಲ್ಲ ಶೋಭಾ. ಆಗ್ತದೆ. ನಾನು ರೇಷ್ಮೆ ಸೀರೆನೂ ಉಡ್ತೀನಿ, ಗಿಡಕ್ಕೆ ಹುಳ ಬಂದ್ರೆ ಔಷಧಿನೂ ಹೊಡೀತೀನಿ. ನಂದು ಪೂರ್ತಿ ಚೊಕ್ಕ ಇಲ್ಲ," ಎಂದರು. "ಆದ್ರೆ ನೀರಿನಾಗ ನಿಂತಾಗ ತಲಿಯೊಳಗ ಯಾರ ಪತ್ರನೂ ಇರೂದಿಲ್ಲ," ಎಂದು ಸೇರಿಸಿದರು. ಅಷ್ಟರಲ್ಲಿ ಅವರಿಗೆ ಗೊತ್ತಿಲ್ಲದೆ ಮಾತು ಧಾರವಾಡಕ್ಕೆ ಹೋಗಿತ್ತು.

ಆ ಕೆರೆಯ ದಡದಲ್ಲೇ ಅವರಿಗೆ ಡೋರೀನ್ ಸಿಕ್ಕಿದ್ದು. ಡೋರೀನ್ ಹುಟ್ಟಿದ್ದು ಲೀಡ್ಸಿನಲ್ಲಿ. ಮದುವೆಯಾಗಿ ಕೊವೆಂಟ್ರಿಗೆ ಬಂದು, ಇಪ್ಪತ್ತು ವರ್ಷ ಅಲ್ಲಿ ಬಸ್ಸು ಓಡಿಸಿದವಳು. ಜೋರು ದನಿ, ಅಗಲ ಭುಜ, ಯಾರನ್ನು ಕಂಡರೂ "ಲವ್" ಎಂದೇ ಕರೆಯುವವಳು. ಅವಳ ತಂಗಿ ಉತ್ತರ ಇಂಗ್ಲೆಂಡಿನ ಈಡನ್ ನದಿಯ ದಂಡೆಯ ಒಂದು ಊರಿನಲ್ಲಿ ಎರಡು ಕೋಣೆ ಬಾಡಿಗೆಗೆ ಕೊಡುತ್ತಾಳೆ. ಪ್ರತಿ ಸೆಪ್ಟೆಂಬರ್ ಕೊನೆಯಲ್ಲಿ ಸಾಲ್ಮನ್ ಸಮುದ್ರದಿಂದ ನದಿಗೆ ಏರಿ ಬರುವ ಹೊತ್ತಿಗೆ ಡೋರೀನ್ ಅಲ್ಲಿಗೆ ಹೋಗುತ್ತಾಳೆ. ಅಲ್ಲಿನ ಕ್ಲಬ್ಬಿನ ನೀರಿನಲ್ಲಿ ಹಿಡಿದ ಸಾಲ್ಮನ್ನನ್ನು ಬಿಡಲೇಬೇಕೆಂಬ ನಿಯಮ ಇದೆ. ಕಳೆದ ಬೇಸಿಗೆಯಲ್ಲಿ ಅವಳು ವಾಸಂತಿ ಅಕ್ಕನನ್ನು ಕರೆದಳು. ಸಾಲ್ಮನ್ನಿಗೆ ಬೇಕಾದ, ಎರಡು ಕೈಯಲ್ಲಿ ಹಿಡಿಯುವ ಉದ್ದದ ಕೋಲು ತನ್ನ ಹತ್ತಿರ ಇನ್ನೊಂದಿದೆ, ಕೊಡುತ್ತೇನೆ, ಆದರೆ ರೀಲು ಒಂದೇ ಇದೆ, ಅದನ್ನು ಮಾತ್ರ ನೀನೇ ಕೊಂಡುಕೋ ಎಂದಳು.

ಟ್ರೌಟಿನ ರೀಲು ಸಾಲ್ಮನ್ನಿಗೆ ನಡೆಯುವುದಿಲ್ಲ. ಟ್ರೌಟ್ ಚಿಕ್ಕದು, ದಾರವನ್ನು ಕೈಯಲ್ಲೇ ಎಳೆದುಕೊಂಡರೆ ಬರುತ್ತದೆ. ರೀಲು ಸುಮ್ಮನೆ ದಾರ ಸುತ್ತಿಡುವ ಡಬ್ಬಿ ಅಷ್ಟೆ. ಸಾಲ್ಮನ್ ಹಾಗಲ್ಲ. ಅದು ಓಡಿದರೆ ನದಿಯ ಆಚೆ ದಡದ ತನಕ ಓಡುತ್ತದೆ. ಅಷ್ಟು ದಾರ ಹಿಡಿಸಬೇಕು, ಅದು ಓಡುವಾಗ ದಾರ ಹದವಾಗಿ ಬಿಟ್ಟುಕೊಡಬೇಕು, ನಿಂತಾಗ ಸುತ್ತಿಕೊಳ್ಳಬೇಕು. ಅದಕ್ಕೆ ರೀಲಿನೊಳಗೆ ಡ್ರ್ಯಾಗ್ ಎಂಬ ಒಂದು ಬ್ರೇಕು ಇರುತ್ತದೆ. ಇದನ್ನೆಲ್ಲ ನಾನು ಆಗ ಕಲಿತದ್ದು.

ಈ ಸುದ್ದಿ ಮನೆಯಲ್ಲಿ ಹೇಳಿದ್ದೇ ತಡ, ಡಾಕ್ಟರ್ ಜೇನು ಬಿಟ್ಟು ರೀಲಿಗೆ ಬಿದ್ದರು. ರಾತ್ರಿ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ವಿಡಿಯೋ ಮೇಲೆ ವಿಡಿಯೋ ನೋಡಿದರು. ಯಾವುದು ಹಗುರ, ಯಾವುದರ ಲೋಹ ವಿಮಾನಕ್ಕೆ ಹಾಕುವಂಥದ್ದು, ಯಾವುದಕ್ಕೆ ಜೀವಮಾನದ ಗ್ಯಾರಂಟಿ ಎಂದು ಚಪಾತಿ ಮುರಿಯುತ್ತ ವಿವರಿಸಿದರು. ಮ್ಯಾಂಚೆಸ್ಟರಿನಲ್ಲಿರುವ ಮಗಳು ಶರ್ವಾಣಿ ಫೋನು ಮಾಡಿದರೆ ಅವಳಿಗೂ ಅದೇ ಉಪನ್ಯಾಸ. ಅವಳು ಇಂಗ್ಲಿಷಿನಲ್ಲಿ, ಅಮ್ಮನನ್ನೇ ಕೇಳಬಹುದಲ್ಲ ಅಪ್ಪಾ ಎಂದಳಂತೆ. ಡಾಕ್ಟರಿಗೆ ಅದು ಕೇಳಿಸಿತೋ ಇಲ್ಲವೋ.

ಒಂದು ಶನಿವಾರ ಬೆಳಿಗ್ಗೆ ವಾಸಂತಿ ಅಕ್ಕ ನಮ್ಮ ಮನೆ ಬಾಗಿಲಿಗೆ ಬಂದು, ಸಟನ್ ಕೋಲ್ಡ್‌ಫೀಲ್ಡ್ ಕಡೆ ಒಂದು ಅಂಗಡಿ ಇದೆಯಂತೆ, ಬರುತ್ತೀಯಾ ಎಂದು ಕೇಳಿದರು. ಡಾಕ್ಟರನ್ನು ಬಿಟ್ಟು ನನ್ನನ್ನು ಯಾಕೆ ಕರೆದರು ಎಂದು ದಾರಿಯಲ್ಲಿ ಕೇಳಿದೆ. ಅವರು ಕಿಟಕಿಯಾಚೆ ನೋಡುತ್ತ ನಿಧಾನವಾಗಿ ಹೇಳಿದರು. ಮನೆ, ಕಾರು, ಸೋಫಾ, ಟಿವಿ, ತಾವು ಹೊಲಿಯುವ ಮಷೀನು ಕೂಡ ಆರಿಸಿದ್ದು ಡಾಕ್ಟರೇ. ಯಾವುದೂ ಕೆಟ್ಟದ್ದಲ್ಲ. ಎಲ್ಲ ಚೆನ್ನಾಗಿಯೇ ನಡೆಯುತ್ತಿವೆ. ಆದರೆ ಅವರು ಜೊತೆಗೆ ಬಂದರೆ ಅಂಗಡಿಯವನೂ ಅವರೂ ಮಾತಾಡಿಕೊಳ್ಳುತ್ತಾರೆ, ತಾವು ಪಕ್ಕದಲ್ಲಿ ಚೀಲ ಹಿಡಿದು ನಿಂತಿರುತ್ತಾರೆ.

"ನೀನು ಬಂದ್ರೆ ನಿನಗೂ ಏನೂ ಗೊತ್ತಿಲ್ಲ. ನಾನೇ ಮಾತಾಡಬೇಕಾಗ್ತದೆ," ಎಂದು ನಕ್ಕರು.

ಅಂಗಡಿ ಒಂದು ಟೈರ್ ಗ್ಯಾರೇಜಿನ ಪಕ್ಕದಲ್ಲಿತ್ತು. ಒಳಗೆ ರಬ್ಬರ್ ಮತ್ತು ಒದ್ದೆ ಉಣ್ಣೆಯ ವಾಸನೆ. ಮಾಲೀಕನ ಹೆಸರು ಕೀತ್, ಕನ್ನಡಕವನ್ನು ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದ ಮನುಷ್ಯ. ವಾಸಂತಿ ಅಕ್ಕ ಕೋಲಿನ ಉದ್ದ ಹೇಳಿದರು, ನದಿ ಹೇಳಿದರು, ದುಬಾರಿಯದು ಬೇಡ ಎಂದರು. ವರ್ಷಕ್ಕೆ ಮೂರು ನಾಲ್ಕು ದಿನದ ಕೆಲಸ, ಆದರೆ ಆ ದಿನಗಳಲ್ಲಿ ಕೈಕೊಡಬಾರದು ಎಂದರು. ಕೀತ್ ತಲೆಯಾಡಿಸಿ, ಅಂಥ ಗಿರಾಕಿಯೇ ತನಗೆ ಇಷ್ಟ ಎಂದು ಗಾಜಿನ ಕಪಾಟು ತೆರೆದ.

ಮೊದಲು ತೆಗೆದದ್ದು ಎಲ್ಲಕ್ಕಿಂತ ಅಗ್ಗದ್ದು. ದಾರದ ತುದಿ ಅವರ ಕೈಗೆ ಕೊಟ್ಟು ಎಳೆಯಲು ಹೇಳಿದ. ಎಳೆದರೆ ಮೊದಲು ಏನೂ ಬರಲಿಲ್ಲ, ಆಮೇಲೆ ಗಕ್ಕನೆ ಜಗ್ಗಿ ಬಂತು. ವಾಸಂತಿ ಅಕ್ಕ ಮತ್ತೆ ಎಳೆದರು, ಮತ್ತೆ ಹಾಗೆಯೇ. ಆ ಜಗ್ಗಿನಲ್ಲೇ ದಾರ ತುಂಡಾಗುವುದು ಎಂದು ಕೀತ್ ಹೇಳುವ ಮೊದಲೇ ಅವರು ಅದನ್ನು ಪಕ್ಕಕ್ಕಿಟ್ಟರು. ಎರಡನೆಯದು ನೀಲಿ ಬಣ್ಣದ್ದು, ಒಡವೆಯ ಹಾಗೆ ಹೊಳೆಯುತ್ತಿತ್ತು. ಎಳೆದರೆ ಬೆಣ್ಣೆಯಲ್ಲಿ ಚಾಕು ಹೋದ ಹಾಗೆ. ಚೆನ್ನಾಗಿದೆ ಎಂದರು, ಬೆಲೆ ನೋಡಿದರು, ಚೆನ್ನಾಗಿದೆ ಎಂದು ಇನ್ನೊಮ್ಮೆ ಹೇಳಿ ಕೆಳಗಿಟ್ಟರು. ಮೂರನೆಯದು ಹಿಂದಿನ ವರ್ಷದ ಮಾದರಿ, ಮಾಸಲು ಬೂದು ಬಣ್ಣ, ಕೈಯಲ್ಲಿ ಹಿಡಿದರೆ ಭಾರ. ಒಳಗೆ ದಾರ ಸುತ್ತುವ ಉರುಳೆಯನ್ನು ತೆಗೆದು ಬೇರೆ ಹಾಕಬಹುದು. ತೇಲುವ ದಾರಕ್ಕೊಂದು, ಮುಳುಗುವ ದಾರಕ್ಕೊಂದು, ಹೆಚ್ಚಿನ ಉರುಳೆ ಪೆಟ್ಟಿಗೆಯಲ್ಲೇ ಬರುತ್ತಿತ್ತು. ಭಾರ ಜಾಸ್ತಿಯಾಯಿತಲ್ಲ ಎಂದು ನಾನು ಬಾಯಿ ಹಾಕಿದೆ. ಉದ್ದದ ಕೋಲಿಗೆ ಬುಡದಲ್ಲಿ ಭಾರ ಇದ್ದರೇ ಒಳ್ಳೆಯದು, ಇಲ್ಲದಿದ್ದರೆ ತುದಿ ಇಡೀ ದಿನ ಮುಂದಕ್ಕೆ ಬಾಗಿ ಕೈ ಸೋಲುತ್ತದೆ ಎಂದ ಕೀತ್. ದೊಡ್ಡ ಕೋಲೊಂದನ್ನು ತಂದು ಬೂದು ರೀಲನ್ನು ಅದಕ್ಕೆ ಕೂಡಿಸಿ ಅವರಿಗೆ ಕೊಟ್ಟ.

ವಾಸಂತಿ ಅಕ್ಕ ಎಡಗೈ ಮೇಲೆ, ಬಲಗೈ ಕೆಳಗೆ ಮಾಡಿ ಕೋಲು ಹಿಡಿದರು. ರೀಲಿನ ಹಿಡಿಕೆ ತಿರುಗಿಸಲು ಬಲಗೈ ಚಾಚಿದರೆ ಅದು ಎಡ ಪಕ್ಕದಲ್ಲಿತ್ತು. ತಕ್ಷಣ ಅವರು ಕೈ ಬದಲಾಯಿಸಿ ಬಲಗೈಯನ್ನು ಮೇಲೆ ತಂದರು, ಸರಿಹೋಯಿತು ಎಂದರು.

ಅವರು ಹುಟ್ಟಾ ಎಡಚಿ. ಅದು ನನಗೆ ಗೊತ್ತಿತ್ತು, ಯಾಕೆಂದರೆ ತರಕಾರಿ ಹೆಚ್ಚುವುದು, ಸೂಜಿ ಪೋಣಿಸುವುದು ಎಡಗೈಯಲ್ಲೇ. ಬರೆಯುವುದು, ಉಣ್ಣುವುದು, ಕುಂಕುಮ ಕೊಡುವುದು ಬಲಗೈ. ಅದನ್ನು ಅಜ್ಜಿಯೂ ಶಾಲೆಯ ಟೀಚರ್ ಬಾಯಿಯವರೂ ಸೇರಿ ತಿದ್ದಿದ್ದರು. ಎಡಗೈಗೆ ಅಜ್ಜಿ ಒಂದು ಬಟ್ಟೆ ಸುತ್ತುತ್ತಿದ್ದಳು ಎಂದು ಒಮ್ಮೆ ನಗುತ್ತಲೇ ಹೇಳಿದ್ದರು. ಅದರ ಮೇಲೆ ಅವರಿಗೆ ಸಿಟ್ಟೇನೂ ಇರಲಿಲ್ಲ. ಕತ್ತರಿ, ಡಬ್ಬಿ ತೆರೆಯುವ ಸಾಧನ, ಆಫೀಸಿನ ಮೌಸು ಎಲ್ಲದಕ್ಕೂ ತಾವೇ ಹೊಂದಿಕೊಂಡು ಬಂದವರು. ಹೊಂದಿಕೊಂಡೆ ಎಂಬುದೂ ಮರೆತುಹೋಗುವಷ್ಟು.

ಕೀತ್ ಕನ್ನಡಕ ಏರಿಸಿಕೊಂಡು, ನೀವು ಎಡಗೈಯವರಲ್ಲವೇ, ಕೊಡಿ ಇಲ್ಲಿ ಎಂದ. ರೀಲು ಬಿಚ್ಚಿ, ಒಳಗಿನ ಒಂದು ಸಣ್ಣ ಉಂಗುರವನ್ನು ಹೊರಗೆ ತೆಗೆದು, ತಿರುವಿ ಹಾಕಿ, ಮತ್ತೆ ಮುಚ್ಚಿ, ರೀಲನ್ನು ಕೋಲಿಗೆ ಇನ್ನೊಂದು ಮಗ್ಗುಲಾಗಿ ಕೂಡಿಸಿದ. ಈಗ ಹಿಡಿಕೆ ಬಲಕ್ಕೆ ಬಂತು. ಕೋಲನ್ನು ಅವರ ಎಡಗೈಗೆ ಕೊಟ್ಟು, ಸಾಮಾನ್ಯವಾಗಿ ಎಲ್ಲ ರೀಲನ್ನೂ ಹೀಗೆ ಎಡ ಬಲ ಬದಲಿಸಬಹುದು, ಇದೇನು ದೊಡ್ಡ ಕೆಲಸ ಅಲ್ಲ ಎಂದು ಬೇರೊಬ್ಬ ಗಿರಾಕಿಗೆ ಚಿಲ್ಲರೆ ಕೊಡಲು ಹೋದ.

ವಾಸಂತಿ ಅಕ್ಕ ಅಂಗಡಿಯ ನಡುವೆ ಕೋಲು ಹಿಡಿದು ನಿಂತು ಹಿಡಿಕೆ ತಿರುಗಿಸಿದರು. ಟಿಕ್ ಟಿಕ್ ಎಂದು ಸಣ್ಣ ಸದ್ದು. ಹಿಂದಕ್ಕೆ ತಿರುಗಿಸಿದರು, ಮತ್ತೆ ಮುಂದಕ್ಕೆ. ಅವರ ಮುಖದಲ್ಲಿ ಏನೋ ಆಗುತ್ತಿತ್ತು, ನಾನು ಬೇರೆ ಕಡೆ ನೋಡಿದೆ. ಆಮೇಲೆ ಅವರು, "ಇದೇ ಇರಲಿ ಶೋಭಾ," ಎಂದರು.

ಅದಾಗಿ ಎರಡೇ ದಿನಕ್ಕೆ, ಸೋಮವಾರ, ಕೊರಿಯರ್‌ನವನು ಅವರ ಮನೆಗೆ ಒಂದು ಪೆಟ್ಟಿಗೆ ತಂದುಕೊಟ್ಟ. ಡಾಕ್ಟರ್ ಹೆಂಡತಿಗೆ ಅಚ್ಚರಿ ಮಾಡಬೇಕೆಂದು ತರಿಸಿದ್ದ ರೀಲು. ವಿಮಾನದ ಲೋಹ, ಚಿನ್ನದ ಬಣ್ಣ, ಮಖಮಲ್ಲಿನ ಚೀಲ, ಜೀವಮಾನದ ಗ್ಯಾರಂಟಿ. ಮೇಜಿನ ಮೇಲೆ ಬೂದು ರೀಲು ಆಗಲೇ ಕೂತಿತ್ತು. ಇಬ್ಬರೂ ಎರಡನ್ನೂ ನೋಡುತ್ತ ನಿಂತರಂತೆ. ಇದನ್ನು ನನಗೆ ಹೇಳಿದ್ದು ಡಾಕ್ಟರೇ.

ವಾಸಂತಿ ಅಕ್ಕ ಚಿನ್ನದ ರೀಲನ್ನು ಡೋರೀನ್ ಆಗಲೇ ಕೊಟ್ಟಿದ್ದ ಕೋಲಿಗೆ ಕೂಡಿಸಿ ತೋರಿಸಿದರು. ಕೋಲಿನ ಮೂತಿ ಕೆಳಗೆ ಬಿತ್ತು. ಎಲ್ಲಕ್ಕಿಂತ ಹಗುರವಾದದ್ದು ಎಲ್ಲಕ್ಕಿಂತ ಒಳ್ಳೆಯದು ಎಂದು ವಿಡಿಯೋದಲ್ಲಿ ಹೇಳಿದ್ದರಲ್ಲ ಎಂದರು ಡಾಕ್ಟರ್. ಇದಕ್ಕೆ ಹೊಂದುವ ಬೇರೆ ಕೋಲು ತರಿಸಬಹುದು ಎಂದರು. ಅಕ್ಕ ಚಿನ್ನದ ರೀಲನ್ನು ಬಿಚ್ಚಿ ಮತ್ತೆ ಮಖಮಲ್ಲಿನ ಚೀಲಕ್ಕೆ ಹಾಕಿದರು. ಡಾಕ್ಟರ್ ಮುಖ ಸಣ್ಣದು ಮಾಡಿಕೊಂಡು ಹಿತ್ತಿಲಿಗೆ ಹೋಗಿ ಆಗಲೇ ನೀರು ಹಾಕಿದ್ದ ಟೊಮ್ಯಾಟೊ ಗಿಡಗಳಿಗೆ ಮತ್ತೆ ನೀರು ಹಾಕಿದರು. ವಾಸಂತಿ ಅಕ್ಕ ಹಿಂದೆಯೇ ಹೋಗಿ ಪಕ್ಕದಲ್ಲಿ ನಿಂತರು.

"ನೀವು ಕೊಡಿಸಿದ್ದು ಒಂದೂ ಕೆಟ್ಟಿಲ್ರೀ," ಎಂದರು. "ಆದ್ರ ಇದೊಂದು ನಾ ಆರಿಸೇನಿ. ನನ್ನ ಕೈಗೆ ಕೂತದ."

"ಅದು ಅಷ್ಟು ಛೊಲೋ ಕಾಣೂದಿಲ್ಲಲ್ಲ," ಎಂದರು ಡಾಕ್ಟರ್.

"ಮೀನು ಏನು ರೀಲು ನೋಡಿ ಬರ್ತದೇನ್ರೀ?"

ಡಾಕ್ಟರ್ ನೀರಿನ ಪೈಪು ಕೆಳಗಿಟ್ಟು, "ನಿನಗ ಏನು ಬೇಕಂತ ನಾ ಕೇಳಲೇ ಇಲ್ಲ, ಹೌದಲ್ಲ?" ಎಂದರಂತೆ. ಹೌದು ಎಂದರಂತೆ ಅಕ್ಕ. ಅಲ್ಲಿಗೆ ಆ ಮಾತು ಮುಗಿಯಿತು. ಮಾರನೆಯ ದಿನ ಚಿನ್ನದ ರೀಲು ಮಖಮಲ್ಲಿನ ಚೀಲದ ಸಮೇತ ವಾಪಸ್ ಹೋಯಿತು.

ಆಮೇಲೆ ಡಾಕ್ಟರಿಗೆ ಬೂದು ರೀಲಿನ ಮೇಲೇ ಉತ್ಸಾಹ ಬಂತು. ದಾರ ಸುತ್ತುವಾಗ ಹೊಸ ದಾರದ ಉಂಡೆಯನ್ನು ಹೆಣಿಗೆ ಕಡ್ಡಿಗೆ ಸಿಕ್ಕಿಸಿ ಹಿಡಿದುಕೊಂಡು ಕೂತರು. ಅಕ್ಕ ಸುತ್ತಿದರು, ಇವರು ಬಿಗಿ ಕೊಟ್ಟರು. ಸುತ್ತಿ ಮುಗಿದ ಮೇಲೆ ಬ್ರೇಕು ಎಷ್ಟು ಬಿಗಿಯಿರಬೇಕು ಎಂಬ ಪ್ರಶ್ನೆ ಬಂತು. ಅದನ್ನು ಮೀನಿಲ್ಲದೆ ತಿಳಿಯುವುದು ಹೇಗೆ? ಡಾಕ್ಟರ್ ತಾವೇ ಮೀನಾಗುತ್ತೇನೆ ಎಂದರು. ಭಾನುವಾರ ಬೆಳಿಗ್ಗೆ ಇಬ್ಬರೂ ಕ್ವೀನ್ಸ್ ಪಾರ್ಕಿಗೆ ಹೋದರು. ದಾರದ ತುದಿಯನ್ನು ಡಾಕ್ಟರ ಬೆಲ್ಟಿಗೆ ಕಟ್ಟಲಾಯಿತು. ಅವರು ಹುಲ್ಲಿನ ಮೇಲೆ ಓಡಿದರು, ರೀಲು ಕಿರ್‍ ಎಂದು ಹಾಡಿತು. ನಿಂತರು, ಅಕ್ಕ ಸುತ್ತಿಕೊಂಡರು. ಎಡಕ್ಕೆ ನುಗ್ಗಿದರು, ಬಲಕ್ಕೆ ನುಗ್ಗಿದರು, ಒಂದು ಬೆಂಚಿನ ಹಿಂದೆ ಸುತ್ತಿ ಬಂದು ದಾರ ಸಿಕ್ಕಿಸಿದರು. ಸಾಲ್ಮನ್ ಬಂಡೆಯ ಹಿಂದೆ ಹಾಗೆಯೇ ಹೋಗುತ್ತದಂತೆ, ವಿಡಿಯೋದಲ್ಲಿ ನೋಡಿದ್ದರು. ಅಷ್ಟರಲ್ಲಿ ನಾಯಿ ಹಿಡಿದುಕೊಂಡು ಬಂದ ಅವರ ಹಳೆಯ ರೋಗಿಯೊಬ್ಬಾಕೆ ನಿಂತು, ಡಾಕ್ಟರ್ ಎಲ್ಲ ಸರಿಯಿದೆಯೇ ಎಂದು ಕಾಳಜಿಯಿಂದ ಕೇಳಿದಳು. ಡಾಕ್ಟರ್ ಏದುಸಿರು ಬಿಡುತ್ತ, ತಾನು ಈಗ ಸಾಲ್ಮನ್, ಆಮೇಲೆ ಮಾತಾಡುತ್ತೇನೆ ಎಂದರು. ಆಕೆ ವಾಸಂತಿ ಅಕ್ಕನನ್ನೂ ಕೋಲನ್ನೂ ನೋಡಿ, ಗಟ್ಟಿಯಾಗಿ ಹಿಡಿದುಕೊಳ್ಳಿ ಎಂದು ಹೇಳಿ ಹೋದಳು.

ಸೆಪ್ಟೆಂಬರ್ ಕೊನೆಯ ವಾರ ಡೋರೀನಳ ಹಳೆಯ ವ್ಯಾನಿನಲ್ಲಿ ಅವಳೂ ವಾಸಂತಿ ಅಕ್ಕನೂ ಹೊರಟರು. ಎಂ ಸಿಕ್ಸ್ ಹೆದ್ದಾರಿ ಹಿಡಿದು ಉತ್ತರಕ್ಕೆ. ಡೋರೀನ್ ಈಗಲೂ ಬಸ್ಸು ಓಡಿಸುವ ಹಾಗೆಯೇ ಓಡಿಸುತ್ತಾಳೆ, ಎರಡೂ ಕನ್ನಡಿ ನೋಡಿಕೊಂಡು, ಯಾರಿಗೂ ದಾರಿ ಬಿಡದೆ. ಸಸ್ಯಾಹಾರಿಯೊಬ್ಬರು ಬರುತ್ತಾರೆಂದು ತಿಳಿದು ಅವಳ ತಂಗಿ ಚೀಸ್ ಮತ್ತು ಈರುಳ್ಳಿಯ ಪೈ ಮಾಡಿಟ್ಟಿದ್ದಳು. ಮೂರು ದಿನವೂ ಅದೇ. ಅಕ್ಕ ಜೊತೆಗೆ ಒಯ್ದ ಚಟ್ನಿಪುಡಿಯನ್ನು ಅದರ ಮೇಲೆ ಉದುರಿಸಿಕೊಂಡರು. ಕೊನೆಗೆ ಡೋರೀನಳ ತಂಗಿಯೂ ಉದುರಿಸಿಕೊಂಡಳು.

ಮೊದಲ ದಿನ ನದಿ ಬಡಕಲಾಗಿತ್ತು, ಕಲ್ಲುಗಳ ಬೆನ್ನು ಕಾಣುತ್ತಿತ್ತು. ಮೀನು ಕಾಣಲಿಲ್ಲ. ಆ ರಾತ್ರಿ ಬೆಟ್ಟದ ಕಡೆ ಮಳೆಯಾಗಿ ಎರಡನೆಯ ದಿನ ನೀರು ಏರಿತು, ಕೆಸರಾಗಿ ಹರಿಯಿತು. ಎದೆಮಟ್ಟದ ರಬ್ಬರ್ ಉಡುಪು ಹಾಕಿಕೊಂಡು ನೀರಿಗಿಳಿಯುವಾಗ ವಾಸಂತಿ ಅಕ್ಕನ ಕಾಲು ಜಾರಿತು. ಬಿದ್ದದ್ದು ಮೊಣಕಾಲಷ್ಟು ನೀರಿನಲ್ಲಿ, ಪೆಟ್ಟಾಗಲಿಲ್ಲ. ಆದರೆ ರೀಲು ಕಲ್ಲಿಗೆ ಬಡಿದು ಒಂದು ಪಕ್ಕದಲ್ಲಿ ಉದ್ದಕ್ಕೆ ಗೀರು ಬಿತ್ತು. ಅವರು ದಡದಲ್ಲಿ ಕೂತು ಅದನ್ನು ತಿರುಗಿಸಿ ನೋಡಿದರು. ತಿರುಗುತ್ತಿತ್ತು. ಚಿನ್ನದ ರೀಲಿಗೆ ಹೀಗಾಗಿದ್ದರೆ ಆ ದಿನವೆಲ್ಲ ಮನಸ್ಸು ಅಲ್ಲೇ ಇರುತ್ತಿತ್ತು ಎಂದು ಆಮೇಲೆ ನನಗೆ ಹೇಳಿದರು. ಡೋರೀನ್ ಬಂದು ನೋಡಿ, ಈಗ ಇದು ನಿನ್ನದು ಅಂತ ಗೊತ್ತಾಗುತ್ತೆ ಲವ್ ಎಂದಳು.

ಮೂರನೆಯ ದಿನ ಕೆಸರು ಇಳಿದಿತ್ತು. ನೀರು ಬೆಲ್ಲದ ಪಾನಕದ ಬಣ್ಣಕ್ಕೆ ಬಂದಿತ್ತು. ಅವರಿಬ್ಬರೂ ನಿಂತಿದ್ದ ದಡದಲ್ಲಿ ಆ ದಿನ ಗಾಳಿ ಬಲದಿಂದ ಎಡಕ್ಕೆ, ನದಿ ಹರಿಯುವ ದಿಕ್ಕಿಗೇ ಬೀಸುತ್ತಿತ್ತು. ಬಲಗೈಯವಳಾದ ಡೋರೀನಳಿಗೆ ದಾರ ಎಸೆದಾಗಲೆಲ್ಲ ಅದು ಅವಳ ಮೈಮೇಲೇ ಬರುತ್ತಿತ್ತು. ಬೈಯುತ್ತ ಅವಳು ಟೊಪ್ಪಿಗೆಯಿಂದ ನೊಣ ಬಿಡಿಸಿಕೊಂಡಳು. ವಾಸಂತಿ ಅಕ್ಕನ ಎಡ ಭುಜದ ಮೇಲಿಂದ ದಾರ ಸಲೀಸಾಗಿ ಹೋಗುತ್ತಿತ್ತು. ಎಸೆಯುವುದು, ನೀರು ನೊಣವನ್ನು ಅರ್ಧಚಂದ್ರದ ಹಾಗೆ ಈಚೆ ದಡಕ್ಕೆ ತರುವ ತನಕ ಕಾಯುವುದು, ಹರಿವಿನ ಕೆಳಕ್ಕೆ ಎರಡು ಹೆಜ್ಜೆ ಇಡುವುದು, ಮತ್ತೆ ಎಸೆಯುವುದು. ಬೆಳಿಗ್ಗೆಯೆಲ್ಲ ಅದೇ. ಬೇಸರ ಆಗಲಿಲ್ಲವೇ ಎಂದು ನಾನು ಕೇಳಿದ್ದಕ್ಕೆ, ರಂಗೋಲಿ ಹಾಕುವಾಗ ಬೇಸರ ಆಗ್ತದಾ ಎಂದು ನನ್ನನ್ನೇ ಕೇಳಿದರು.

ಮಧ್ಯಾಹ್ನದ ಹೊತ್ತಿಗೆ ನೊಣ ಎಲ್ಲೋ ನಿಂತಿತು. ಕಲ್ಲಿಗೆ ಸಿಕ್ಕಿತು ಎಂದುಕೊಂಡರು. ಆ ಕಲ್ಲು ಮೆಲ್ಲಗೆ ನಡೆಯತೊಡಗಿತು.

ಆಮೇಲೆ ರೀಲು ಕೂಗಿತು. ಪಾರ್ಕಿನಲ್ಲಿ ಕೂಗಿದ ಹಾಗಲ್ಲ. ದಾರ ನೀರನ್ನು ಸೀಳುತ್ತ ಆಚೆ ದಡದ ಆಲ್ಡರ್ ಮರಗಳ ಕಡೆಗೆ ಓಡಿತು. ಅಕ್ಕ ಗಾಬರಿಯಲ್ಲಿ ಹಿಡಿಕೆ ಹಿಡಿಯಲು ಹೋದರು, ತಿರುಗುತ್ತಿದ್ದ ಹಿಡಿಕೆ ಅವರ ಬಲಗೈ ಗೆಣ್ಣುಗಳಿಗೆ ಟಪಟಪನೆ ಬಡಿಯಿತು. ಡೋರೀನ್ ತನ್ನ ಕೋಲನ್ನು ದಡದ ಮೇಲೆ ಎಸೆದು ಬಲೆ ಹಿಡಿದು ಬರುತ್ತ, ಮುಟ್ಟಬೇಡ, ಹೋಗಲಿ ಬಿಡು, ರೀಲು ನೋಡಿಕೊಳ್ಳುತ್ತೆ ಎಂದು ಕೂಗಿದಳು. ಅಕ್ಕ ಕೈ ತೆಗೆದರು. ಕೋಲು ಮಾತ್ರ ಎತ್ತಿ ಹಿಡಿದು ನಿಂತರು. ಬ್ರೇಕು ಜಗ್ಗಲಿಲ್ಲ, ತಡೆಯಲಿಲ್ಲ, ಒಂದೇ ಹದದಲ್ಲಿ ಬಿಡುತ್ತ ಹೋಯಿತು. ಆಚೆ ದಡದ ಹತ್ತಿರ ಮೀನು ನೀರಿನಿಂದ ಮೇಲೆ ಹಾರಿ ಅಡ್ಡಡ್ಡ ಬಿತ್ತು. ತಾಮ್ರದ ಬಣ್ಣ, ತೋಳಿನಷ್ಟು ಉದ್ದ. ಆಗ ಅವರಿಗೆ ಹೆದರಿಕೆಯಾಯಿತಂತೆ, ತಪ್ಪಿಸಿಕೊಳ್ಳುತ್ತದೆ ಎಂದಲ್ಲ, ಇಷ್ಟು ದೊಡ್ಡ ಜೀವದ ಜೊತೆ ತಮಗೇನು ಕೆಲಸ ಎಂದು.

ಮೀನು ನಿಂತಾಗ ಸುತ್ತಿದರು, ಓಡಿದಾಗ ಬಿಟ್ಟರು. ಬಹಳ ಹೊತ್ತು ಹಾಗೆ ನಡೆಯಿತು. ಮೀನು ದಣಿದು ಹತ್ತಿರ ಬಂದಾಗ ಡೋರೀನ್ ನೀರಿನಲ್ಲಿ ಕೂತು ಬಲೆಯನ್ನು ಮೀನಿನ ಕೆಳಗೆ ಜಾರಿಸಿದಳು. ಕೊಕ್ಕೆ ಬಾಯಿಯ ಅಂಚಿನಲ್ಲಿತ್ತು, ಬೆರಳು ತಾಗಿಸಿದೊಡನೆ ಕಳಚಿತು. ಮೀನನ್ನು ನೀರಿನಿಂದ ಎತ್ತಲಿಲ್ಲ, ಫೋಟೋಗೂ ಎತ್ತಲಿಲ್ಲ. ವಾಸಂತಿ ಅಕ್ಕ ಕೈ ಒದ್ದೆ ಮಾಡಿಕೊಂಡು ಒಂದು ಕೈ ಹೊಟ್ಟೆಯ ಕೆಳಗೆ, ಒಂದು ಕೈ ಬಾಲದ ಬುಡಕ್ಕೆ ಹಿಡಿದು, ಅದರ ಮುಖವನ್ನು ಹರಿವಿಗೆ ಎದುರಾಗಿ ತಿರುಗಿಸಿದರು. ಅದರ ಕಿವಿರು ತೆರೆದು ಮುಚ್ಚಿ ಮಾಡುತ್ತಿತ್ತು. ಕೆಳದವಡೆ ಮುದುಕರ ಗದ್ದದ ಹಾಗೆ ಮೇಲಕ್ಕೆ ಬಾಗಿತ್ತು. ಸುಧಾರಿಸಿಕೊಳ್ಳಲು ಅದಕ್ಕೆ ಸಮಯ ಬೇಕಿತ್ತು. ಇಬ್ಬರೂ ತಣ್ಣೀರಿನಲ್ಲಿ ಕಾದರು. ಬಾಲದಲ್ಲಿ ಬಲ ಬರುತ್ತಿರುವುದು ಅಂಗೈಗೆ ಮೊದಲು ತಿಳಿಯಿತಂತೆ.

"ಹೋಗಪಾ, ಹೋಗು. ತಪ್ಪಾತು, ಹೋಗು," ಎಂದರು ಅಕ್ಕ.

ಅದು ಒಮ್ಮೆ ಬಾಲ ಬೀಸಿ ಅವರ ಮುಖಕ್ಕೆ ನೀರು ಎರಚಿ ಹೋಯಿತು. ಏನು ಹೇಳಿದೆ ಅದಕ್ಕೆ ಎಂದು ಡೋರೀನ್ ಕೇಳಿದಳು. ಕ್ಷಮೆ ಕೇಳಿದೆ ಎಂದರು. ಡೋರೀನ್ ಗಂಭೀರವಾಗಿ ತಲೆಯಾಡಿಸಿ, ತಾನೂ ಪ್ರತಿ ಸಲ ಕೇಳುತ್ತೇನೆ, ಆದರೆ ಜೋರಾಗಿ ಅಲ್ಲ ಎಂದಳು. ಆಮೇಲೆ ಇಬ್ಬರೂ ದಡದಲ್ಲಿ ಕೂತು ಚಹಾ ಕುಡಿದರು. ಸಂಜೆ ಡಾಕ್ಟರ್ ಫೋನು ಮಾಡಿ ಮೀನು ಎಷ್ಟು ತೂಕ ಎಂದು ಕೇಳಿದರು. ತೂಗಲಿಲ್ಲ ಎಂದರು ಅಕ್ಕ. ಅಂದಾಜು ಹೇಳು ಎಂದರೆ, ಶರ್ವಾಣಿ ಆರು ತಿಂಗಳಲ್ಲಿದ್ದಷ್ಟು ಎಂದರಂತೆ.

ದೀಪಾವಳಿಗೆ ನಮ್ಮ ಬಳಗ ಚರ್ಚ್ ಹಾಲಿನಲ್ಲಿ ಸೇರಿದಾಗ ಸುದ್ದಿ ಆಗಲೇ ಹಬ್ಬಿತ್ತು. ಸಟನ್ ಕೋಲ್ಡ್‌ಫೀಲ್ಡಿನ ದೇವೇಂದ್ರಪ್ಪನವರು ಹೋಳಿಗೆಯ ತಟ್ಟೆ ಹಿಡಿದು ಬಂದು, ಇದೆಲ್ಲ ನಮಗೆ ಹೇಳಿಸಿದ್ದಲ್ಲ ಅಲ್ಲವೇ ತಾಯಿ ಎಂದು ಮೆತ್ತಗೆ ಆಕ್ಷೇಪಿಸಿದರು. ವಾಸಂತಿ ಅಕ್ಕ ವಾದ ಮಾಡಲಿಲ್ಲ. ಇರಬಹುದು, ನಾನೂ ಯೋಚನೆ ಮಾಡ್ತಿರ್ತೀನಿ ಎಂದು ಅವರ ಹೋಳಿಗೆಗೆ ಇನ್ನಷ್ಟು ತುಪ್ಪ ಬಡಿಸಿದರು. ಅತ್ತ ಅವರು ಸರಿದ ಮೇಲೆ ಅವರ ಹೆಂಡತಿ ನನ್ನ ಹತ್ತಿರ ಬಂದು, ಆ ಕೆರೆಗೆ ಹೊಸಬರನ್ನೂ ಬಿಡುತ್ತಾರೆಯೇ ಎಂದು ವಿಚಾರಿಸಿದರು.

ಬಿಡುತ್ತಾರೆ. ಈ ಏಪ್ರಿಲ್‌ನಿಂದ ವಾಸಂತಿ ಅಕ್ಕ, ದೇವೇಂದ್ರಪ್ಪನವರ ಹೆಂಡತಿ, ನಾನು, ಹೀಗೆ ಮೂರು ಜನ ಶನಿವಾರ ಬೆಳಿಗ್ಗೆ ಹೋಗುತ್ತಿದ್ದೇವೆ. ನನಗೆ ಇನ್ನೂ ದಾರ ನೆಟ್ಟಗೆ ಹೋಗುವುದಿಲ್ಲ. ಮೊದಲ ದಿನ ನನ್ನ ನೊಣ ಹಿಂದಿನ ಮುಳ್ಳುಪೊದೆಗೆ ಸಿಕ್ಕಿಕೊಂಡು ಅದನ್ನು ಬಿಡಿಸುವುದರಲ್ಲೇ ಬೆಳಗು ಕಳೆಯಿತು. ವಾಸಂತಿ ಅಕ್ಕ ಪಕ್ಕದಲ್ಲಿ ನಿಂತು, ಅವಸರ ಮಾಡಬೇಡ, ಹಿಂದೆ ಹೋದ ದಾರ ಪೂರ್ತಿ ಬಿಚ್ಚಿಕೊಳ್ಳುವ ತನಕ ಕಾಯಿ ಎಂದು ಹೇಳಿಕೊಡುತ್ತಾರೆ. ಡಾಕ್ಟರ್ ಮಡಚುವ ಕುರ್ಚಿಯಲ್ಲಿ ಕೂತು ಎಲ್ಲರಿಗೂ ಅವಲಕ್ಕಿ ಹಂಚುತ್ತಾರೆ. ಹೋದ ವಾರ ಜೋರು ಗಾಳಿಯಿತ್ತು, ಯಾರಿಗೂ ಒಂದು ಮೀನೂ ಸಿಗಲಿಲ್ಲ. ಮಧ್ಯಾಹ್ನದ ತನಕ ಅಲ್ಲೇ ಇದ್ದು, ಹಸಿವಾದ ಮೇಲೆ ಮನೆಗೆ ಬಂದೆವು.